ಹೊಗೆ ಬಿಳಿಯಾದರೆ ಗಾಳಿ ಶುದ್ಧವಾಯಿತೇ?

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಉದ್ಯಮಬಾಗ, ಪೀರನವಾಡಿ, ಮಚ್ಛೆ ಒಂದರ ಹಿಂದೊಂದು ಸಿಗುತ್ತವೆ. ನಮ್ಮಲ್ಲಿ ಹಲವರು ದಿನಾಲು ಇದೇ ದಾರಿಯಲ್ಲಿ ಕಾಲೇಜಿಗೆ ಬರುತ್ತೇವೆ. ಇಲ್ಲಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಬಿಡಿಭಾಗಗಳು ಪಂಪು, ವಾಹನ, ಯಂತ್ರಗಳಿಗಾಗಿ ದೂರದ ಊರುಗಳಿಗೆ ಹೋಗುತ್ತವೆ. ಎಷ್ಟೋ ಮನೆಗಳ ಒಲೆ ಉರಿಯುವುದು ಈ ದುಡಿಮೆಯಿಂದಲೇ. ಆದ್ದರಿಂದ ಫೌಂಡ್ರಿ ಮುಚ್ಚಿ ಎನ್ನುವವನು ನಾನಲ್ಲ. ಚಿಮಣಿಯ ಸೂಕ್ಷ್ಮ ಧೂಳನ್ನು ಬೇರೆಯಾಗಿ ಅಳೆಯಬೇಕು ಎಂಬುದಷ್ಟೇ ನನ್ನ ಮಾತು.

ಹಲವು ಫೌಂಡ್ರಿಗಳು ಈಗ ವಿದ್ಯುತ್ ಭಟ್ಟಿಗೆ ಬದಲಾಗಿವೆ. ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕ್ಯುಪೋಲಾ ಭಟ್ಟಿ ಇರುವಲ್ಲಿ ಹೊಗೆಯನ್ನು ತೊಳೆಯಲು ವೆಟ್ ಸ್ಕ್ರಬರ್ ಬಳಸುತ್ತಾರೆ. ಹೊಗೆಗೆ ನೀರು ಸಿಂಪಡಿಸಿದರೆ ಧೂಳಿನ ಕಣಗಳು ಹನಿಗಳಿಗೆ ಅಂಟಿ ಕೆಸರಾಗಿ ಇಳಿಯುತ್ತವೆ. ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಂಥ ಕಡೆ ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರುಗಳಿಗೂ ಈ ವಿಧಾನ ಒಗ್ಗುತ್ತದೆ.

ಆದರೆ ಎಲ್ಲ ಕಣಗಳೂ ಹನಿಗೆ ಸಿಗುವುದಿಲ್ಲ. ವೇಗವಾಗಿ ಬಂದ ಲಾರಿ ತಿರುವಿನಲ್ಲಿ ತಿರುಗಲಾರದೆ ಗೋಡೆಗೆ ಗುದ್ದುತ್ತದೆ. ಸೈಕಲ್ ಸಲೀಸಾಗಿ ಪಕ್ಕಕ್ಕೆ ಸರಿಯುತ್ತದೆ. ಹಾಗೆಯೇ ದೊಡ್ಡ ಕಣ ಹನಿಗೆ ಬಡಿಯುತ್ತದೆ, ಸಣ್ಣದು ಗಾಳಿಯ ಜೊತೆ ಹನಿಯನ್ನು ಸುತ್ತಿ ಪಾರಾಗುತ್ತದೆ. 0.1ರಿಂದ 1 ಮೈಕ್ರಾನ್ ಗಾತ್ರದ ಕಣಗಳನ್ನು ಹಿಡಿಯುವುದು ಅತ್ಯಂತ ಕಷ್ಟ. ನಮ್ಮ ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇಂಥ ಸಣ್ಣ ಕಣಗಳೇ. ಕಪ್ಪು ಹೊಗೆ ಹೋಗಿ ಬಿಳಿ ಹಬೆ ಕಂಡರೆ ಸಮಾಧಾನಪಡುತ್ತೇವೆ. ಆ ಹಬೆಯೊಳಗೆ ಏನಿದೆ ಎಂದು ಕಣ್ಣು ಹೇಳಲಾರದು.

ನಿಯಮವೂ ಇಲ್ಲಿ ಸೋಲುತ್ತದೆ. ಗಂಟೆಗೆ 3 ಟನ್‌ಗಿಂತ ಕಡಿಮೆ ಕರಗಿಸುವ ಕ್ಯುಪೋಲಾಕ್ಕೆ ಪ್ರತಿ ಘನ ಮೀಟರಿಗೆ 450 ಮಿಲಿಗ್ರಾಂ, ಅದಕ್ಕಿಂತ ದೊಡ್ಡದಕ್ಕೆ 150 ಮಿಲಿಗ್ರಾಂ ಧೂಳಿನ ಮಿತಿ ಇದೆ. ಇದು ಒಟ್ಟು ತೂಕದ ಲೆಕ್ಕ. ಗೋಳದ ಗಾತ್ರ ತ್ರಿಜ್ಯದ ಘನಕ್ಕೆ ಅನುಗುಣ ಎಂದು ನಾವು ಕಲಿತಿದ್ದೇವೆ. ಅಂದರೆ 10 ಮೈಕ್ರಾನಿನ ಒಂದು ಕಣ, 1 ಮೈಕ್ರಾನಿನ 1000 ಕಣಗಳಷ್ಟು ತೂಗುತ್ತದೆ. ದಪ್ಪ ಧೂಳನ್ನು ಹಿಡಿದರೆ ತೂಕ ಇಳಿಯುತ್ತದೆ, ಪರೀಕ್ಷೆ ಪಾಸಾಗುತ್ತದೆ. ಸೂಕ್ಷ್ಮ ಕಣಗಳು ಕೋಟಿಗಟ್ಟಲೆ ಹೊರಗೆ ಹೋಗುತ್ತಲೇ ಇರಬಹುದು. ಊರಿನ ಗಾಳಿಗೆ 2009ರಿಂದ ಪಿಎಂ 2.5 ಮಾನದಂಡವಿದೆ: 24 ಗಂಟೆಯ ಸರಾಸರಿ 60 ಮೈಕ್ರೊಗ್ರಾಂ. ಅದೇ ಅಳತೆ ಚಿಮಣಿಗೇಕೆ ಬೇಡ?

ಸೂಕ್ಷ್ಮ ಕಣ ಹಿಡಿಯುವ ದಾರಿ ಇದೆ. ವೆಂಚುರಿ ಸ್ಕ್ರಬರಿನಲ್ಲಿ ಹೊಗೆಯನ್ನು ಕಿರಿದಾದ ಕಂಠದ ಮೂಲಕ ಅತಿ ವೇಗವಾಗಿ ನುಗ್ಗಿಸುತ್ತಾರೆ. ನೀರು ಒಡೆದು ಬಹು ಸಣ್ಣ ಹನಿಗಳಾಗಿ, ಚಿಕ್ಕ ಕಣಗಳಿಗೂ ತಪ್ಪಿಸಿಕೊಳ್ಳಲು ಕಷ್ಟವಾಗುತ್ತದೆ. 1990ರ ದಶಕದ ಕೊನೆಯಲ್ಲಿ ಟೆರಿ ಸಂಸ್ಥೆ ಹೌರಾದ ಒಂದು ಫೌಂಡ್ರಿಯಲ್ಲಿ ಕೋಕ್ ಉಳಿಸುವ ಕ್ಯುಪೋಲಾದ ಜೊತೆಗೆ ಇದನ್ನು ಅಳವಡಿಸಿ ತೋರಿಸಿದೆ.

ಖರ್ಚು ಯಾರು ಕೊಡಬೇಕು ಎಂದು ಸಣ್ಣ ಮಾಲೀಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅಷ್ಟು ವೇಗಕ್ಕೆ ದೊಡ್ಡ ಫ್ಯಾನು, ಹೆಚ್ಚು ಕರೆಂಟು ಬೇಕು. ಒಂಟಿಯಾಗಿ ಆಗದ್ದನ್ನು ಕೂಡಿ ಮಾಡಬಹುದು. ಅದಕ್ಕೆ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಇದೆ. ಸರ್ಕಾರ ಉಪಕರಣಕ್ಕೂ ಕರೆಂಟಿಗೂ ನೆರವು ಕೊಡಲಿ. ಜೊತೆಗೆ ಸ್ಕ್ರಬರಿನ ಕೆಸರು ನೀರನ್ನು ತಿಳಿಯಾಗಿಸಿ ಮತ್ತೆ ಬಳಸಬೇಕು. ಅದು ನಾಲೆಗೆ ಹರಿದರೆ ಗಾಳಿಯ ರೋಗವನ್ನು ನೀರಿಗೆ ದಾಟಿಸಿದಂತೆ.

ಮಾಲಿನ್ಯ ನಿಯಂತ್ರಣ ಮಂಡಳಿ ಚಿಮಣಿಯ ಪರೀಕ್ಷೆಯಲ್ಲಿ ಸೂಕ್ಷ್ಮ ಕಣಗಳ ಲೆಕ್ಕವನ್ನೂ ಸೇರಿಸಲಿ. ಫಲಿತಾಂಶವನ್ನು ಕಾರ್ಖಾನೆಯ ಗೇಟಿನಲ್ಲಿ ಕನ್ನಡ, ಮರಾಠಿ, ಉರ್ದುವಿನಲ್ಲಿ ಬರೆದು ಹಾಕಲಿ. ಒಳಗೆ ದುಡಿಯುವವರು ನಮ್ಮ ಅಬ್ಬಾ, ಅಣ್ಣಂದಿರು. ನಾಳೆ ನಮ್ಮಲ್ಲೇ ಕೆಲವರು. ತಾವು ಉಸಿರಾಡುವ ಗಾಳಿಯ ಲೆಕ್ಕ ತಿಳಿಯುವ ಹಕ್ಕು ಅವರಿಗಿದೆ.