ನೋವಿನ ಡಾಕ್ಟರಾದ ಜಟ್ಟಿ

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಂಥ ಊರುಗಳಲ್ಲಿ ಸೊಂಟ ಹಿಡಿದರೆ ಅಂಗಡಿಯ ಗುಳಿಗೆಯೇ ಗತಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡಕ್ಕೂ ಪೆಟ್ಟು. ನೋವಿಗೆಂದೇ ಡಾಕ್ಟರಿದ್ದಾರೆಂದು ಎಷ್ಟು ಮಂದಿಗೆ ಗೊತ್ತು?

ಈ ವಿದ್ಯೆಗೆ ತಳಪಾಯ ಹಾಕಿದವರು ಜಾನ್ ಬೊನಿಕಾ. 1917ರಲ್ಲಿ ಇಟಲಿಯ ಪುಟ್ಟ ದ್ವೀಪವೊಂದರಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಕುಸ್ತಿಯಾಡಿ ಮೆಡಿಕಲ್ ಓದಿನ ಖರ್ಚು ದುಡಿದುಕೊಂಡರು. ಎರಡನೇ ಮಹಾಯುದ್ಧದಲ್ಲಿ ಸೇನಾ ಆಸ್ಪತ್ರೆಯ ಅರಿವಳಿಕೆ ವೈದ್ಯರಾಗಿದ್ದಾಗ, ಗಾಯ ಮಾಯ್ದರೂ ನೋವು ಬಿಡದ ಸೈನಿಕರನ್ನು ಕಂಡರು. ಒಬ್ಬರಿಂದಾಗದ ಕೆಲಸವೆಂದು ನರರೋಗ, ಮೂಳೆ, ಮನೋವೈದ್ಯರನ್ನೂ ಕೂಡಿಸಿಕೊಂಡರು. 1953ರಲ್ಲಿ ಬಂದ ಅವರ ಗ್ರಂಥ ಸಾವಿರ ಪುಟ ಮೀರಿದ್ದು. ಕುಸ್ತಿಯ ಪೆಟ್ಟುಗಳಿಂದ ತಾವೇ ಕೊನೆತನಕ ನರಳಿದರು, ಪಾಪ.

ನಮ್ಮಲ್ಲಿ ಹೆಚ್ಚಿನವರು ಎಂ.ಬಿ.ಬಿ.ಎಸ್. ನಂತರ ಅರಿವಳಿಕೆಯಲ್ಲಿ 3 ವರ್ಷದ ಎಂ.ಡಿ. ಮುಗಿಸಿ, ನೋವಿನ ಚಿಕಿತ್ಸೆಯ ತರಬೇತಿ ಪಡೆಯುತ್ತಾರೆ. ಸೂಜಿ ಹಿಡಿಯುವ ಮೊದಲು ಅವರು ವಿಚಾರಿಸುವುದು ಇಷ್ಟೇ: ನೋವು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ? ರಾತ್ರಿ ನಿದ್ದೆ ಹತ್ತುತ್ತದೆಯೇ?