ನೀರು ಏರುವ ಮೊದಲು ಲೆಕ್ಕ ಬರೆಯೋಣ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಿರಿಯರೇ, ಅಕ್ಕತಂಗಿಯರೇ, ಕಾಲೇಜಿಗೆ ಹೋಗುತ್ತಿರುವ ನಮ್ಮ ಮಕ್ಕಳೇ,

ಘಟಪ್ರಭೆಯ ಲೋಳಸೂರ ಸೇತುವೆ ಮೇಲೆ ನೀರು ಹತ್ತಿತು ಎಂದರೆ ಗೋಕಾಕದ ತಗ್ಗಿನ ಓಣಿಗಳಿಗೆ ಆ ರಾತ್ರಿ ನಿದ್ದೆಯಿಲ್ಲ. 2019ರ ಆಗಸ್ಟ್‌ನಲ್ಲಿ ಹತ್ತಿತು. 2021ರ ಜುಲೈನಲ್ಲಿ ಹತ್ತಿತು. 2024ರ ಜುಲೈನಲ್ಲಿ ಮತ್ತೆ ಹತ್ತಿತು. ಉಪ್ಪಾರ ಗಲ್ಲಿಯವರು, ದನದ ಪೇಟೆಯವರು ಹಾಸಿಗೆ, ಕಾಳಿನ ಚೀಲ ಹೊತ್ತು ಕಾಳಜಿ ಕೇಂದ್ರಕ್ಕೆ ನಡೆದರು. ಸುಣಧೋಳಿ, ಅವರಾದಿ ಕಡೆ ಸೇತುವೆ ಮುಳುಗಿ ದಾರಿ ನಿಂತಿತು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಹೊಳೆ ಓಣಿಗೆ ಬಂತು. ನೀರು ಇಳಿದ ಮೇಲೆ ಪಂಚನಾಮೆ ಆಯಿತು, ಪರಿಹಾರದ ಪಟ್ಟಿ ಬಂತು, ಪಟ್ಟಿಯಲ್ಲಿ ಹೆಸರು ಇಲ್ಲದವರು ತಹಶೀಲ್ದಾರ್ ಕಚೇರಿ ಮುಂದೆ ಸಾಲು ನಿಂತರು. ಐದು ವರ್ಷದಲ್ಲಿ ಮೂರು ಸಲ ಹೀಗಾದದ್ದನ್ನು ಇನ್ನೂ ಹಣೆಬರಹ ಎಂದು ಹೇಳಿಕೊಂಡು ಕೂತರೆ ನಮ್ಮ ಮಕ್ಕಳಿಗೆ ನಾವೇ ದ್ರೋಹ ಮಾಡಿದ ಹಾಗೆ.

ಈ ನೀರು ನಮ್ಮ ಊರ ಮಳೆಯಿಂದ ಬರುವುದಲ್ಲ. ಗೋಕಾಕದಲ್ಲಿ ಬಿಸಿಲು ಇರುವಾಗಲೂ ಮಹಾಪೂರ ಬರಬಹುದು. ಆಂಬೋಲಿ, ಆಜರಾ, ಚಂದಗಡದ ಘಟ್ಟದಲ್ಲಿ ಸುರಿದದ್ದು ಘಟಪ್ರಭೆಗೂ ಹಿರಣ್ಯಕೇಶಿಗೂ ಇಳಿಯುತ್ತದೆ. ಘಟಪ್ರಭೆಯನ್ನು 51 ಟಿಎಂಸಿಯ ಹಿಡಕಲ್ ಜಲಾಶಯ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಹಿರಣ್ಯಕೇಶಿ ಬಂದು ಕೂಡುವುದು ಡ್ಯಾಮಿನ ಕೆಳಗೆ. ಬೆಳಗಾವಿ ಕಡೆಯಿಂದ ಮಾರ್ಕಂಡೇಯ ಬಂದು ಗೋಕಾಕದ ಹತ್ತಿರ ಸೇರುತ್ತದೆ. ಮೂರೂ ಒಂದೇ ದಿನ ತುಂಬಿ ಬಂದರೆ ತಡೆಯುವವರು ಯಾರು? ಡ್ಯಾಮನ್ನು ಜುಲೈನಲ್ಲೇ ತುಂಬಿಸಿಕೊಂಡರೆ ಬೇಸಿಗೆಗೆ ಕಾಲುವೆಯ ರೈತ ಬದುಕುತ್ತಾನೆ, ಖಾಲಿ ಜಾಗ ಬಿಟ್ಟುಕೊಂಡರೆ ಆಗಸ್ಟ್‌ಗೆ ದಂಡೆಯ ಮನೆ ಉಳಿಯುತ್ತದೆ. ಒಂದೊಂದು ಅಡಿ ನೀರಿಗೂ ಎರಡೂ ಕಡೆ ಬೆಲೆಯಿದೆ. ಹವಾಮಾನ ಬದಲಾವಣೆಯ ಅರ್ಥಶಾಸ್ತ್ರ ಎಂದು ದೊಡ್ಡ ಹೆಸರಿನಲ್ಲಿ ಕರೆಯುವ ವಿದ್ಯೆ ನಮ್ಮ ಮಟ್ಟಿಗೆ ಇದೇ. ಆ ಬೆಲೆಯನ್ನು ಕಾಲುವೆಯವರನ್ನೂ ದಂಡೆಯವರನ್ನೂ ಒಟ್ಟಿಗೆ ಕೂಡಿಸಿ, ಕನ್ನಡದಲ್ಲಿ ಲೆಕ್ಕ ಹಾಕಿ ತೋರಿಸಬೇಕು. ಅದೂ ಮೇ ತಿಂಗಳಲ್ಲಿ, ನೀರು ಬಿಡುವ ರಾತ್ರಿಯಲ್ಲಲ್ಲ.

ಈಗ ನಷ್ಟವನ್ನು ಹೇಗೆ ಅಳೆಯುತ್ತಾರೆ ನೋಡಿ. ಮಹಾಪೂರ ಇಳಿದ ಮೇಲೆ ಕಬ್ಬಿನ ಹೊಲದೊಳಗೆ ಹೋಗಿ. ಮೊಳಕಾಲುದ್ದ ಕೆಸರು. ಹೊರಗಿನಿಂದ ಕಬ್ಬು ಹಸಿರಾಗಿಯೇ ನಿಂತಿರುತ್ತದೆ. ಒಂದು ಗಳ ಹಿಡಿದು ಸುಳಿ ಬಿಚ್ಚಿದರೆ ಒಳಗೆ ರಾಡಿ ಕೂತು ಕೊಳೆತ ವಾಸನೆ. ಕೆಳಗಿನ ಗಣಿಕೆಗಳಲ್ಲಿ ನೀರಿನಲ್ಲಿ ನಿಂತು ಬಿಟ್ಟ ಬೇರು, ಕಣ್ಣು ಒಡೆದು ಪಕ್ಕಕ್ಕೆ ಚಿಗುರು. ಬೆಳೆಯಬೇಕಾದ ತುದಿ ಸತ್ತು, ಸಕ್ಕರೆಯಾಗಬೇಕಾದ ರಸ ಬೇಡದ ಚಿಗುರಿಗೆ ಹೋಗಿದೆ. ತೂಕ ಬೀಳುವುದು ಕಾರ್ಖಾನೆಯ ಕಾಟಾದ ಮೇಲೆ, ಮೂರು ನಾಲ್ಕು ತಿಂಗಳ ಮೇಲೆ. ಪಂಚನಾಮೆಯ ದಿನ ಅದು ಹಸಿರು ಕಬ್ಬು! ವಿಪತ್ತು ಪರಿಹಾರದ ನಿಯಮದಲ್ಲಿ ಶೇ 33ಕ್ಕಿಂತ ಕಡಿಮೆ ಹಾನಿಯಾದ ಬೆಳೆಗೆ ಏನೂ ಇಲ್ಲ. ಕಾಲು ಭಾಗ ತೂಕ ಕಳೆದುಕೊಂಡ ರೈತನ ನಷ್ಟ ಸರ್ಕಾರದ ಕಾಗದದಲ್ಲಿ ಸೊನ್ನೆ.

ಹಾನಿ ಒಪ್ಪಿಕೊಂಡರೂ ಸಿಗುವುದೆಷ್ಟು? ಕೇಂದ್ರದ 2022-26ರ ನಿಯಮದ ಪ್ರಕಾರ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಹಿಡಿದರೆ ಏಳು ಸಾವಿರವೂ ತುಂಬುವುದಿಲ್ಲ. ಎಕರೆಗೆ 40 ಟನ್ ಬಂದರೆ, ಟನ್ನಿಗೆ 3,300ರಂತೆ 1,32,000 ರೂಪಾಯಿಯ ಬೆಳೆ ಅದು. ಆ 3,300ಕ್ಕಾಗಿ ಏನೆಲ್ಲ ಮಾಡಬೇಕಾಯಿತು ಎಂಬುದು ನಿಮಗೆ ಗೊತ್ತು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕೂತ ಮೇಲೆ ಬೆಂಗಳೂರಿಗೆ ಕೇಳಿಸಿತು. ಟನ್ನಿಗೆ ನೂರಿನ್ನೂರು ರೂಪಾಯಿಗೆ ಅಷ್ಟು ಗಟ್ಟಿಯಾಗಿ ನಿಂತ ನಾವು, ಇಡೀ ಹೊಲ ಕೊಳೆತಾಗ ಎಕರೆಗೆ ಲಕ್ಷ ಹೋದರೂ ಸುಮ್ಮನಿರುತ್ತೇವಲ್ಲ, ಅದು ನನ್ನನ್ನು ಬಹಳ ಕಾಡುತ್ತದೆ.

ಉತಾರದಲ್ಲಿ ಹೆಸರಿದ್ದವನ ಮಾತು ಇಷ್ಟಾಯಿತು. ಲಾವಣಿಗೆ ಹೊಲ ಹಿಡಿದವನ ಹೆಸರು ಉತಾರದಲ್ಲಿ ಇರುವುದಿಲ್ಲ. ಬೀಜ ಅವನದು, ಗೊಬ್ಬರ ಅವನದು, ಸಾಲ ಅವನದು. ಪರಿಹಾರ ಜಮೀನಿನ ಮಾಲೀಕರ ಖಾತೆಗೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಕಳೆ ತೆಗೆಯುವ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ಕೂಲಿ ಯಾವ ಕಾಲಂನಲ್ಲಿ ಬರೆಯುತ್ತಾರೆ? ಮೇವಿಲ್ಲದೆ ಎಮ್ಮೆ ಹಾಲು ಇಳಿಸಿದ್ದು, ಒತ್ತೆ ಇಟ್ಟ ಬಂಗಾರ, ಕಾಲೇಜು ಬಿಡಿಸಿದ ಮಗಳು, ಇವೂ ಮಹಾಪೂರದ ನಷ್ಟವೇ. ಗೋಡೆ ಬಿದ್ದದ್ದನ್ನು ಫೋಟೊ ತೆಗೆಯಬಹುದು. ಓದು ನಿಂತದ್ದನ್ನು ಕೇಳಿಯೇ ತಿಳಿಯಬೇಕು, ಕೇಳುವವರು ಬೇಕು.

ಇನ್ನೊಂದು ಲೆಕ್ಕ ಹೇಳುತ್ತೇನೆ, ಮನಸ್ಸಿಟ್ಟು ಕೇಳಿ. 2019ರ ಮಹಾಪೂರದಲ್ಲಿ ರಾಜ್ಯಕ್ಕಾದ ನಷ್ಟ ಸುಮಾರು 35 ಸಾವಿರ ಕೋಟಿ ಎಂದು ಸರ್ಕಾರ ಅಂದಾಜು ಮಾಡಿತು. 2023ರಲ್ಲಿ ಮಳೆ ಕೈಕೊಟ್ಟು 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದಾಗಲೂ ಅಂದಾಜು ನಷ್ಟ 35 ಸಾವಿರ ಕೋಟಿಯೇ. ಮುಳುಗಿದ ವರ್ಷಕ್ಕೂ ಒಣಗಿದ ವರ್ಷಕ್ಕೂ ಒಂದೇ ಮೊತ್ತ. ಎರಡು ವರ್ಷದ ಮಳೆ ಕೂಡಿಸಿ ಅರ್ಧ ಮಾಡಿದರೆ ಮಾತ್ರ ಎಲ್ಲವೂ ವಾಡಿಕೆಗೆ ಹತ್ತಿರ ಕಾಣುತ್ತದೆ. ಸರಾಸರಿ ನಮ್ಮನ್ನು ಮರೆಮಾಡುವುದು ಹೀಗೆ. ಬರಕ್ಕೆ ರಾಜ್ಯ ಕೇಂದ್ರದಿಂದ ಕೇಳಿದ್ದು 18 ಸಾವಿರ ಕೋಟಿಗೂ ಮಿಕ್ಕಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಮುಂಗಾರಿನಲ್ಲಿ ಬಿತ್ತಿ ಕಳೆದುಕೊಂಡವನಿಗೆ ಮುಂದಿನ ಮುಂಗಾರಿನ ಬಾಗಿಲಿಗೆ ಹಣ.

ಈ ನಷ್ಟದ ಬಗ್ಗೆ ಸಂಶೋಧನೆ ನಡೆದೇ ಇಲ್ಲ ಎನ್ನಲಾರೆ. ಕೇಂದ್ರ ಸರ್ಕಾರದ 2017-18ರ ಆರ್ಥಿಕ ಸಮೀಕ್ಷೆಯೇ ಬರೆದಿದೆ: ಹವಾಮಾನ ಬದಲಾವಣೆಯಿಂದ ರೈತರ ಆದಾಯ ಸರಾಸರಿ ಶೇ 15ರಿಂದ 18ರಷ್ಟು, ನೀರಾವರಿ ಇಲ್ಲದ ಕಡೆ ಶೇ 20ರಿಂದ 25ರಷ್ಟು ಕುಸಿಯಬಹುದು. ಆದರೆ ಅದು ದೇಶದ ಲೆಕ್ಕ. ಕೌಜಲಗಿ ಕಡೆಯ ಒಣ ಹೊಲಕ್ಕೂ ಘಟಪ್ರಭೆ ದಂಡೆಯ ಕಬ್ಬಿಗೂ ನಡುವೆ ಬೈಕಿನಲ್ಲಿ ಹೋಗಿಬರುವಷ್ಟು ದೂರ. ಒಂದು ಕಡೆ ಜೋಳ ಒಣಗುತ್ತದೆ, ಇನ್ನೊಂದು ಕಡೆ ಕಬ್ಬು ಕೊಳೆಯುತ್ತದೆ, ಕಾಲುವೆಯ ತಗ್ಗಿನಲ್ಲಿ ಸವಳು ಜವಳು ಹಿಡಿದು ಏನೂ ಬೆಳೆಯುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರೇ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರೇ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯವರೇ, ನಿಮ್ಮ ವಿದ್ಯಾರ್ಥಿಗಳನ್ನು ಇಲ್ಲಿಗೆ ಕಳಿಸಿ. ಒಂದು ದಿನದ ಸರ್ವೆ ಸಾಲದು. ಅದೇ ಮನೆಗಳಿಗೆ ವರ್ಷ ವರ್ಷ ಬರಲಿ. ಬಂದ ಉತ್ತರ ಇಂಗ್ಲಿಷ್ ಜರ್ನಲಿಗೆ ಹೋಗುವ ಮೊದಲು ನಮ್ಮ ಗ್ರಾಮಸಭೆಗೆ ಬರಲಿ.

ಹಾನಿ ತಡೆಯುವುದು ದುಬಾರಿ ಎಂದು ಹೇಳುವವರು ಇದ್ದಾರೆ. ಗೋಕಾಕ ಮುಳುಗಿದ ಮರು ತಿಂಗಳೇ, 2019ರ ಸೆಪ್ಟೆಂಬರ್‌ನಲ್ಲಿ, ಜಾಗತಿಕ ಹೊಂದಾಣಿಕೆ ಆಯೋಗ ಒಂದು ವರದಿ ಕೊಟ್ಟಿತು. ಮುನ್ನೆಚ್ಚರಿಕೆ, ಗಟ್ಟಿ ಕಟ್ಟಡ, ಒಣಬೇಸಾಯ, ನೀರು ಇಂತಹವುಗಳ ಮೇಲೆ ಹತ್ತು ವರ್ಷದಲ್ಲಿ ಜಗತ್ತು 1.8 ಲಕ್ಷ ಕೋಟಿ ಡಾಲರ್ ಹಾಕಿದರೆ 7.1 ಲಕ್ಷ ಕೋಟಿ ಡಾಲರ್ ಲಾಭ ಎಂದಿತು. ಬಿರುಗಾಳಿಯೋ ಬಿಸಿಗಾಳಿಯೋ ಬರುವ 24 ಗಂಟೆ ಮೊದಲೇ ಸುದ್ದಿ ಮುಟ್ಟಿಸಿದರೆ ಹಾನಿ ಶೇ 30ರಷ್ಟು ಇಳಿಯುತ್ತದೆ ಎಂದೂ ಹೇಳಿತು. ಘಟ್ಟದಲ್ಲಿ ಸುರಿದ ಮಳೆ ಲೋಳಸೂರಿಗೆ ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತು ನಮ್ಮ ಕೈಯಲ್ಲಿರುವ ಆಸ್ತಿ. ದನ ಬಿಚ್ಚಲು, ಕಾಳು ಏರಿಸಲು, ಮುದುಕರನ್ನು ಸಾಗಿಸಲು, ಪಂಪ್‌ಸೆಟ್ ಎತ್ತಿಡಲು ಅದು ಸಾಕು, ಹಳ್ಳಿಹಳ್ಳಿಗೆ ಖಚಿತವಾದ ಸುದ್ದಿ ಬಂದರೆ.

ಹಣವೂ ಇತ್ತು, ಇದನ್ನು ಎಲ್ಲರೂ ತಿಳಿದಿರಬೇಕು. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತು ನಿಧಿಗೆ 1,60,153 ಕೋಟಿ ನಿಗದಿ ಮಾಡಿತು. ಅದರಲ್ಲಿ ಶೇ 20 ಬರೀ ಹಾನಿ ತಗ್ಗಿಸುವ ಕೆಲಸಕ್ಕೆ, ಅಂದರೆ ಮುಂಚೆಯೇ ಮಾಡಬೇಕಾದ ಕೆಲಸಕ್ಕೆ. ಐದರಲ್ಲಿ ಒಂದು ಪಾಲು. ಆ ಪಾಲಿನಲ್ಲಿ ನಮ್ಮ ಮೂರು ತಾಲ್ಲೂಕಿಗೆ ಬಂದದ್ದೆಷ್ಟು, ಯಾವ ಸೇತುವೆ ಎತ್ತರವಾಯಿತು, ಯಾವ ಓಣಿ ಮೇಲಕ್ಕೆ ಹೋಯಿತು? ಇದನ್ನು ಶಾಸಕರನ್ನು ಕೇಳಿ, ಸಂಸದರನ್ನು ಕೇಳಿ. 2005ರ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅವರನ್ನೂ ಕೇಳಿ. ಮತ ಕೇಳಲು ಬಂದವರು ಪರಿಹಾರದ ಚೆಕ್ಕಿನ ಫೋಟೊ ತೋರಿಸಿದರೆ, ಚೆಕ್ಕು ಬೇಕಾಗದ ಹಾಗೆ ಏನು ಮಾಡಿದಿರಿ ಎಂದು ಕೇಳುವ ಧೈರ್ಯ ನಮಗಿರಲಿ.

ನಮ್ಮ ಕಡೆಯ ಮಾತನ್ನೂ ಆಡಲೇಬೇಕು. ಹೊಳೆಯ ದಂಡೆ ಒತ್ತಿ ಕಬ್ಬು ಹಚ್ಚಿದವರು ಹೊರಗಿನವರಲ್ಲ. ಹಳ್ಳ ಮುಚ್ಚಿ ಪ್ಲಾಟು ಹಾಕಿದವರು, ಕೊಂಡವರು ನಮ್ಮವರೇ. ಎರಡು ಎಕರೆಯಲ್ಲಿ ಎರಡೂ ಕಬ್ಬೇ ಇದ್ದರೆ ನೀರು ಹೆಚ್ಚಾದರೂ ಕೆಟ್ಟೆವು, ಕಡಿಮೆಯಾದರೂ ಕೆಟ್ಟೆವು. ಕಬ್ಬು ಬಿಡಿ ಎಂದು ಯಾರಿಗೂ ಹೇಳಲಾರೆ, ಬೇರೆ ಬೆಳೆಗೆ ಖಾತ್ರಿ ಬೆಲೆ ಕೊಡದೆ ಹಾಗೆ ಹೇಳುವುದು ಕ್ರೂರ. ಆದರೆ ದಂಡೆಯ ಅಂಚನ್ನಾದರೂ ಹೊಳೆಗೆ ಬಿಟ್ಟುಕೊಡುವ ತೀರ್ಮಾನ ಊರು ಕೂತು ಮಾಡಬಹುದು, ಬಿಟ್ಟವನಿಗೆ ಪರಿಹಾರವನ್ನೂ ಕೇಳಬಹುದು.

ನಷ್ಟದ ಲೆಕ್ಕ ಇಡುವುದು ನಮ್ಮಿಂದ ಆಗದ ಕೆಲಸವಲ್ಲ. 1969ರಲ್ಲಿ ಹುಕ್ಕೇರಿಯವರು ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿದರು. ಮನೆಮನೆಯ ಮೀಟರ್ ಓದಿ, ಬಿಲ್ ಬರೆದು, ಹಳ್ಳಿಗೆ ಬೆಳಕು ಕೊಟ್ಟ ನೆಲ ಇದು. ಕರೆಂಟಿನ ಯೂನಿಟ್ ಎಣಿಸಿದವರು ಮುಳುಗಿದ ಮನೆಯ ನಷ್ಟವನ್ನು ಎಣಿಸಲಾರರೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪ್ರತಿ ಪಂಚಾಯಿತಿಯಲ್ಲಿ ಒಂದು ದೊಡ್ಡ ವಹಿ ಇಡಿ. ಪದವಿ ಓದುವ ನಾಲ್ಕು ಹುಡುಗ ಹುಡುಗಿಯರಿಗೆ ಅದನ್ನು ಒಪ್ಪಿಸಿ. 2019ರಿಂದ ಹಿಡಿದು ಯಾವ ಮನೆಗೆ ನೀರು ಎಷ್ಟು ಎತ್ತರ ಬಂತು, ಬರದಲ್ಲಿ ಯಾವ ಬೋರ್‌ವೆಲ್ ನಿಂತಿತು, ಕಾರ್ಖಾನೆಯ ಕಾಟಾದಲ್ಲಿ ಎಷ್ಟು ಟನ್ ಕಡಿಮೆಯಾಯಿತು, ಲಾವಣಿಯವನ ಸಾಲವೆಷ್ಟು, ಯಾರ ಓದು ನಿಂತಿತು, ಎಲ್ಲ ಬರೆಯಲಿ. ಹೆಣ್ಣುಮಕ್ಕಳ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆಯಲಿ. ಬರುವ ಮುಂಗಾರಿನ ಒಳಗೆ ಗ್ರಾಮಸಭೆಯಲ್ಲಿ ಅದನ್ನು ಓದಿ, ಠರಾವು ಮಾಡಿ, ಪಂಚಾಯಿತಿ ಸಿಕ್ಕಾ ಒತ್ತಿಸಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಪ್ರತಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಕಳಿಸಿ, ಮುಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಿ.