ಕ್ಯಾಮೆರಾದ ಉದಾಹರಣೆ ಇಲ್ಲಿ ಹೊಂದುವುದಿಲ್ಲ

ಎಐ ಬಂತೆಂದು ಡಿಜಿಟಲ್ ಕಲಾವಿದರು ಗೋಳಾಡುವುದನ್ನು ಬಿಟ್ಟು ಪ್ರಾಂಪ್ಟ್ ಬರೆಯುವುದನ್ನು ಕಲಿಯಲಿ ಎಂದು ಕಳೆದ ವಾರದ ಲೇಖನ ಬುದ್ಧಿ ಹೇಳಿದೆ. ಕ್ಯಾಮೆರಾ ಬಂದಾಗ ಚಿತ್ರಕಾರರು ಸತ್ತರೇ ಎಂದೂ ಲೇಖಕರು ಕೇಳಿದ್ದಾರೆ. ಇಲ್ಲ, ಸಾಯಲಿಲ್ಲ. ಆದರೆ ಕ್ಯಾಮೆರಾ ಚಿತ್ರಕಾರರ ಚಿತ್ರಗಳನ್ನೇ ನುಂಗಿ ಬೆಳೆದದ್ದಲ್ಲ; ಎಐ ಹಾಗೆ ಬೆಳೆಯಿತು. ಎಐಗೆ ಕಲಿಸಲೆಂದು 2022ರಲ್ಲಿ ಹೊರಬಂದ ಲೈಯಾನ್-5ಬಿ ದತ್ತಾಂಶದಲ್ಲಿ 500 ಕೋಟಿಗೂ ಹೆಚ್ಚು ಚಿತ್ರಗಳ ಕೊಂಡಿಗಳಿದ್ದವು. ಚಿತ್ರ ರಚಿಸುವ ಎಐ ಸ್ಟೇಬಲ್ ಡಿಫ್ಯೂಷನ್ ಕಲಿತದ್ದು ಅದರ ಒಂದು ಭಾಗದಿಂದ. ಚಿತ್ರ ಬರೆದವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಪೋಲೆಂಡಿನ ಕಲಾವಿದ ಗ್ರೆಗ್ ರುಟ್ಕೋವ್ಸ್ಕಿಯವರ ಹೆಸರನ್ನೇ ಟೈಪಿಸಿ ಜನ ಅವರ ಶೈಲಿಯ ಚಿತ್ರಗಳನ್ನು ರಾಶಿ ರಾಶಿ ತೆಗೆದರು. ಅಂತರ್ಜಾಲದಲ್ಲಿ ತಮ್ಮ ಸ್ವಂತ ಚಿತ್ರಗಳೇ ಸಿಗದಂತಾದೀತು ಎಂಬ ಆತಂಕ ಅವರದು. ಇದು ಗೋಳೇ?

ನನ್ನದೂ ಡಿಜಿಟಲ್ ಚಿತ್ರ ಬರೆಯುವ ಕೆಲಸವೇ. ಮಕ್ಕಳ ಪುಸ್ತಕಕ್ಕೆ ಅವರೆಕಾಯಿ ಸುಲಿಯುವ ಅಜ್ಜಿಯ ಕೈ ಬರೆಯುವಾಗ, ಹೆಬ್ಬೆರಳಿನ ಉಗುರು ಸಿಪ್ಪೆಯ ಅಂಚಿಗೆ ಎಲ್ಲಿ ತಾಗುತ್ತದೆಂದು ಸರಿಯಾಗಿ ಕಾಣುವ ತನಕ ಟ್ಯಾಬ್ಲೆಟ್ಟಿನಲ್ಲಿ ಗೆರೆ ಅಳಿಸಿ ಅಳಿಸಿ ಎಳೆಯುತ್ತೇನೆ. ಮರುದಿನ ಮತ್ತೆ ನನ್ನನ್ನು ಮೇಜಿಗೆ ಕರೆತರುವುದು ಆ ಹುಡುಕಾಟವೇ. ಪ್ರಾಂಪ್ಟ್ ಕಲಿಯಿರಿ ಎನ್ನುವವರು ಅದನ್ನೇ ಬಿಡಿ ಎನ್ನುತ್ತಿದ್ದಾರೆ.

ಕಲಾವಿದರು ಕೈಕಟ್ಟಿಯೂ ಕೂತಿಲ್ಲ. 2023ರಲ್ಲಿ ಕಾರ್ಲಾ ಒರ್ಟಿಜ್ ಮತ್ತು ಇನ್ನಿಬ್ಬರು ಎಐ ಕಂಪನಿಗಳ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದರು. ಶೈಲಿಯ ನಕಲನ್ನು ಕಷ್ಟವಾಗಿಸುವ ಗ್ಲೇಜ್ ತಂತ್ರಾಂಶವನ್ನು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವರ್ಷ ಉಚಿತವಾಗಿ ಕೊಟ್ಟರು.

ಉತ್ಸಾಹ ಉಳಿಸಿಕೊಳ್ಳಿ ಎಂದು ನಮಗೆ ಉಪದೇಶಿಸುವ ಲೇಖಕರು, ತಮ್ಮ ಮುಂದಿನ ಪುಸ್ತಕದ ಮುಖಪುಟಕ್ಕೆ ಕಲಾವಿದರಿಗೆ ಎಷ್ಟು ಸಂಭಾವನೆ ಕೊಡುತ್ತೀರಿ ಎಂದು ಪ್ರಕಾಶಕರನ್ನು ಕೇಳಲಿ.